ಜಡೆ ಹಾಕುವಾಗ ಸಿಕ್ಕ ಗಂಟು

ತಂಗೀ,

ಇವತ್ತು ನಿನ್ನ ಮಗಳಿಗೆ ಜಡೆ ಹಾಕುವಾಗ ಅವಳ ಕುತ್ತಿಗೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು.

“ನೆಗಡಿ ಗಂಟು ದೊಡ್ಡಮ್ಮ, ತಾನಾಗೇ ಹೋಗುತ್ತೆ,” ಅಂದಳು.

ಅಂದು ನಿನ್ನ ಗಂಟನ್ನು ಮುಟ್ಟಿ ನಾನು ಹೇಳಿದ್ದೂ ಇದೇ ಮಾತು.

ರೋಗದೊಡನೆ ಹೋರಾಡುವ ಜೀವಕೋಶಗಳು ಕೆಲಸ ಮುಗಿದ ಮೇಲೆ ತಾವಾಗಿ ಸಾಯಬೇಕು, ಸಾಯದಿದ್ದರೆ ಗಂಟು ಕಟ್ಟುತ್ತವೆ ಎಂದು ನನಗೆ ಕಲಿಸಿದವಳೇ ಅವಳು. ಆ ಗಂಟಿನಿಂದಲೇ ನೀನು ತೀರಿಹೋಗಿ ಇಪ್ಪತ್ತು ವರ್ಷವಾಯಿತು; ಓದಿ ವಿಜ್ಞಾನಿಯಾದ ಅವಳು ಈಗ ಅವು ಯಾಕೆ ಸಾಯುವುದಿಲ್ಲ ಎಂದೇ ಪ್ರಯೋಗಾಲಯದಲ್ಲಿ ಹುಡುಕುತ್ತಿದ್ದಾಳೆ.

“ಊರವರದ್ದೆಲ್ಲ ನೋಡ್ತೀಯ, ನಿಂದ್ಯಾರು ನೋಡ್ಬೇಕು? ಏಳೇ!” ಎಂದು ಗದರಿದೆ.

“ನೋಡಿದ್ರೆ ನಂಗೆ ಗೊತ್ತಾಗಿಬಿಡುತ್ತಲ್ಲ, ದೊಡ್ಡಮ್ಮ.”

ಈಗ ಒಳಗೆ ಪರೀಕ್ಷೆಗೆಂದು ಅವಳ ಗಂಟಿಗೆ ಸೂಜಿ ಚುಚ್ಚುತ್ತಿದ್ದಾರೆ. ನಾನು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಚೀಟಿಯ ಹಿಂಬದಿಗೆ ಬರೆಯುತ್ತಿದ್ದೇನೆ. ಅಕ್ಷರವೆಲ್ಲ ಕೋಳಿಕಾಲು. ಬಾಚಣಿಗೆ ಮಡಿಲಲ್ಲೇ ಇದೆ. ಅರ್ಧ ಹೆಣೆದ ಜಡೆಯಲ್ಲೇ ಅವಳನ್ನು ಎಳೆದುಕೊಂಡು ಬಂದೆ. ಈ ಸಲ ತಡ ಮಾಡಲಿಲ್ಲ ಕಣೇ.