ಅತ್ತೆಗೆ ತಿಳಿಯದ ಭಾಷೆ

ಕೌನ್ಸೆಲಿಂಗ್ ಕೃಷ್ಣವೇಣಿ ಮೇಡಮ್ ಅವರಿಗೆ, ಯಲಹಂಕದಿಂದ ಸಬೀರಾ ಮಾಡುವ ಸಲಾಮ್.

ನಾನು ಓದಿದ್ದು ಆರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಫೋನಲ್ಲಾದರೆ ಅರ್ಧಕ್ಕೇ ಇಟ್ಟುಬಿಡ್ತೀನಿ, ಅದಕ್ಕೇ ಬರೆದೆ.

ನಾವು ಮೊದಲನೇ ಸಲ ನಿಮ್ಮ ಹತ್ತಿರ ಬಂದಾಗ ನಮ್ಮ ಮನೆಯವರನ್ನ ನೀವು ದಖನಿ ಉರ್ದುನಲ್ಲೇ ಮಾತಾಡಿಸಿದಿರಿ. ಚಿಕ್ಕವಳಿದ್ದಾಗ ಆರ್.ಟಿ. ನಗರದಲ್ಲಿ ಪಕ್ಕದ ಮನೆ ಖಾಲಾ ಹತ್ತಿರ ಕಲಿತದ್ದು ಅಂದಿರಿ. ಇವರು ಬಾಯೇ ಬಿಡಲಿಲ್ಲ. ಆಮೇಲೆ ನೀವು, "ಯಾವ ಭಾಷೆ ಹಗುರ ಅನಿಸುತ್ತೋ ಅದರಲ್ಲೇ ಹೇಳಿ ಭಾಯ್" ಅಂದಾಗ, ಕನ್ನಡದಲ್ಲಿ ನಮ್ಮ ಆತಿಫ್ ಬಗ್ಗೆ ಹೇಳ್ತಾ ಹೋದರು. ಮಗು ತೀರಿಕೊಂಡ ಮೇಲೆ ಇವರ ಬಾಯಲ್ಲಿ ಆ ಹೆಸರು ಕೇಳಿದ್ದು ಅವತ್ತೇ. ಮನೆಯಲ್ಲಿ ಮಗು ಬಗ್ಗೆ ದಖನಿಯಲ್ಲಿ ಏನಾದರೂ ಅಂದರೆ ಅತ್ತೆ ಎದೆ ಹಿಡ್ಕೊಂಡು ಅಳ್ತಾರೆ ಅಂತ ನಾವಿಬ್ಬರೂ ಸುಮ್ಮನಿದ್ವಿ.

ಈಗ ಇಬ್ಬರೂ ಕನ್ನಡದಲ್ಲೇ ಮಾತಾಡ್ಕೋತೀವಿ. ನಿನ್ನೆ ಟೀ ಕೊಡ್ತಾ "ಮಗು ನೆನಪು ಬಂತೇನ್ರೀ" ಅಂದೆ. "ದಿನಾ ಬರುತ್ತೆ ಕಣೇ" ಅಂದರು. ಕನ್ನಡ ಬಾರದ ಅತ್ತೆ, ಏನೋ ಮನೆ ಸಾಮಾನಿನ ಮಾತು ಅಂದ್ಕೊಂಡು, "ಗ್ಯಾಸ್ ಮುಗೀತಾ" ಅಂತ ದಖನಿಯಲ್ಲಿ ಕೇಳಿದರು. ನಾನು ಹೂಂ ಅಂದುಬಿಟ್ಟೆ.

ಆಗಿಂದ ಒಂದೇ ಸಂಕಟ. ಮೊಮ್ಮಗನನ್ನ ಎತ್ತಿ ಆಡಿಸಿದವರು ಅವರೇ. ಅವರೆದುರಿಗೇ ನಾವು ಅವರನ್ನ ಹೊರಗೆ ಕೂರಿಸಿದಂಗಾಯ್ತು.

ಬುಧವಾರ ನಿಮ್ಮ ಹತ್ತಿರ ಬರುವಾಗ ಅವರನ್ನೂ ಕರ್ಕೊಂಡು ಬರಲಾ ಮೇಡಮ್? ಮೆಟ್ಟಿಲು ಹತ್ತೋಕಾಗಲ್ಲ, ಕೆಳಗಡೆ ಕುರ್ಚಿ ಹಾಕಿಸಿದರೆ ಸಾಕು. ಅತ್ತರೆ ಅಳಲಿ, ಬಿಪಿ ಮಾತ್ರೆ ನಾನು ಇಟ್ಕೊಂಡಿರ್ತೀನಿ. ನಮ್ಮನ್ನೂ ಜೊತೆಗೇ ಕೂರಿಸಿ. ಈ ಸಲ ದಖನಿಯಲ್ಲೇ ಹೇಳ್ತೀವಿ.

ನಿಮ್ಮ ಉತ್ತರಕ್ಕೆ ಕಾಯ್ತಾ,
ಸಬೀರಾ