ಬನ್ನಿ ಕೊಡಲು ನೀವೇ ಹೋಗಿರಿ

ಹಾಸ್ಟೆಲ್, ಛತ್ರಪತಿ ಸಂಭಾಜಿನಗರ

ಅಪ್ಪಾ,

ನಮಸ್ಕಾರ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಕನ್ನಡ ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿರಿ.

ಇಂಗ್ಲಿಷ್ ಕ್ಲಾಸಿನಲ್ಲಿ ಹಳೆಯ ಟ್ರ್ಯಾಜಿಡಿ ನಾಟಕವೊಂದರ ಪಾಠ ನಡೆದಿದೆ. ಸೇನಾಪತಿ ತನ್ನನ್ನು ಬೆಳೆಸಿದ ರಾಜನನ್ನೇ ಕೊಂದು ಸಿಂಹಾಸನ ಏರುತ್ತಾನೆ. ಹೆಂಡತಿ ಹುರಿದುಂಬಿಸಿರುತ್ತಾಳೆ. ತಪ್ಪು ಯಾರದೆಂದು ಸರ್ ಕೇಳಿದರು. "ಹೋಮ್ ಮಿನಿಸ್ಟರ್‌ದೇ ಆರ್ಡರ್, ಸರ್!" ಎಂದು ಹೆಂಡತಿಯ ಮೇಲೆ ಹಾಕಿದ ಹಿಂದಿನ ಬೆಂಚಿನವನು. ಎಲ್ಲರೂ ನಕ್ಕರು. ನಾನು ಎದ್ದು, "ಕೊಂದವನು ಯಾರು?" ಎಂದು ಕೂಗಿಬಿಟ್ಟೆ. ನನಗೆ ನಮ್ಮ ಮನೆಯ ಮಾತು ನೆನಪಾಗಿತ್ತು.

ನಿಮ್ಮನ್ನು ಬೀದರಿನಿಂದ ನಾಶಿಕಕ್ಕೆ ಕರೆತಂದು, ಮನೆಯಲ್ಲಿಟ್ಟುಕೊಂಡು, ಅಲ್ಲಿಯ ಅಂಬಡ್‌ನ ಫ್ಯಾಕ್ಟರಿಯಲ್ಲಿ ಕೆಲಸ ಕಲಿಸಿದವರು ವಿಶ್ವನಾಥಪ್ಪ ಕಾಕಾ. ಅವರಿಗೆ ಕಣ್ಣು ಮಂದವಾಗಿದೆಯೆಂದು ಮಾಲೀಕರ ಕಿವಿಯೂದಿ, ಅವರ ಸೂಪರ್‌ವೈಸರ್ ಕುರ್ಚಿಯಲ್ಲಿ ಕುಳಿತವರು ನೀವು. ಬಂದವರ ಮುಂದೆ ಮಾತ್ರ, "ನಂದೇನದರೀ, ಮನ್ಯಾಗಿನಾಕಿ ಹಠ ಹಿಡದ್ಲು" ಎನ್ನುತ್ತೀರಿ. ಅವ್ವ ಹೂಂ ಅಂದಿರಬಹುದು. ಚಾಡಿ ಹೇಳಿದ ಬಾಯಿ ನಿಮ್ಮದು.

ಹೋದ ದಸರೆಗೆ ಕಾಕಾನ ಮನೆಗೆ ಬನ್ನಿ ಎಲೆಯ ಬಂಗಾರ ಕೊಡಲು ಅವ್ವನೊಬ್ಬಳನ್ನೇ ಕಳಿಸಿದಿರಿ. ಕಾಕಾನ ಹೆಂಡತಿ ಸುಶೀಲಾ ಕಾಕು ಬಾಗಿಲಲ್ಲೇ ತಡೆದು, "ಗಂಡನ ತಲಿ ಕೆಡಿಸಿದಾಕಿ ಕೈಲಿಂದ ನಮಗ ಬಂಗಾರ ಬ್ಯಾಡ" ಎಂದರು. ಅವ್ವ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ವಾಪಸ್ ಬಂದಾಗ ನೀವು ಟಿವಿಯಿಂದ ಕಣ್ಣೆತ್ತಲಿಲ್ಲ.

ಈ ದಸರೆಗೆ ನೀವೇ ಹೋಗಿರಿ. ಕಾಕಾನ ಕಾಲು ಮುಟ್ಟಿ, ಮಾಲೀಕರಿಗೆ ಹೇಳಿದವನು ನಾನೇ ಎಂದು ಕಾಕುವಿಗೂ ಕೇಳುವಂತೆ ಹೇಳಿರಿ. ಆಗದಿದ್ದರೆ ಅವ್ವನನ್ನು ಇಲ್ಲಿಗೆ ಬರುವ ಬಸ್ಸಿಗೆ ಹತ್ತಿಸಿರಿ. ಅವಳ ಕೈಯ ಬಂಗಾರ ನಾನು ತೆಗೆದುಕೊಳ್ಳುತ್ತೇನೆ.

ಸಿಟ್ಟಿನಲ್ಲಿರುವ ನಿಮ್ಮ ಮಗಳು,
ಭಾಗ್ಯಶ್ರೀ