ಹವಾಲ್ದಾರರ ಪಿಂಚಣಿ

ದಾಸನಕೊಪ್ಪ,
ಮಂಗಳವಾರ, ೧೮ ನವೆಂಬರ್ ೨೦೨೫

ಪ್ರೀತಿಯ ಮಗಳು ಶಾಂಭವಿಗೆ,

ಅವ್ವನ ಆಶೀರ್ವಾದಗಳು. ಯಲ್ಲಾಪುರದಲ್ಲಿ ನೀನು, ಅಳಿಯಂದಿರು, ಮೊಮ್ಮಗ ಪ್ರಥಮ ಎಲ್ಲರೂ ಆರಾಮಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಮನೆಯಲ್ಲಿ ಗಂಡಸರೇ ಇಲ್ಲವೆನ್ನುವಂತೆ ತುಂಬಿದ ಕೊಡ ಎತ್ತಬೇಡ. ಫೋನು ಕೆಟ್ಟಿದೆ, ಅದಕ್ಕೇ ಕಾಗದ. ನಿನ್ನ ಅಣ್ಣ ಚನ್ನವೀರ ಎದುರಿಗೇ ಕುಳಿತು ಬೇಗ ಮುಗಿಸು ಎನ್ನುತ್ತಿದ್ದಾನೆ.

ನಿಮ್ಮಪ್ಪನವರ ಮರೆವು ವಿಪರೀತವಾಗಿದೆ. ಸೈನ್ಯ ಬಿಟ್ಟು ಎಷ್ಟೋ ಕಾಲವಾದರೂ ಅವರ ತಲೆಯೊಳಗೆ ಯುದ್ಧ ಮುಗಿದಿಲ್ಲ. ಅವರ ಪಿಂಚಣಿ ಬರುವುದರಿಂದಲೇ ಕಲ್ಲಯ್ಯನಿಗೆ ಸಂಬಳ ಕೊಟ್ಟು, ಅವರನ್ನು ಮೀಯಿಸಿ ಉಣಿಸಲು ಇಟ್ಟುಕೊಂಡಿದ್ದೇವೆ. ಆದರೆ ಗೋವಿನಜೋಳಕ್ಕೆ ಬಂದ ಮಂಗಗಳನ್ನು ಓಡಿಸಲು ಕಬ್ಬಿಣದ ಪೈಪಿನಲ್ಲಿ ಪಟಾಕಿ ಸಿಡಿಸಿದರೆ ಸಾಕು, ಅವರನ್ನು ಹಿಡಿಯುವವರಿಲ್ಲ. ಭಾನುವಾರ ಢಂ ಎಂದದ್ದೇ ಕಲ್ಲಯ್ಯನನ್ನು ಗೋಡೆಗೆ ಅಪ್ಪಳಿಸಿದರು. ಅವನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಬಿಡಿಸಲು ಓಡಿಹೋದ ನನ್ನನ್ನು ಕುತ್ತಿಗೆ ಹಿಡಿದು ನೆಲಕ್ಕೆ ಕೆಡವಿ ಮೈಮೇಲೆ ಬಿದ್ದರು. "ಏಳಬ್ಯಾಡ, ಗುಂಡು ಬರಾಕತ್ತಾವ" ಎನ್ನುತ್ತಿದ್ದರು. ನನ್ನ ಎಡಗೈ ಮುರಿದಿದೆ. ಶಿರಸಿಯಲ್ಲಿ ಪ್ಲಾಸ್ಟರ್ ಹಾಕಿದ್ದಾರೆ.

ಇನ್ನು ಅವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಆಗದ ಮಾತು ಎನ್ನುತ್ತಾನೆ ಚನ್ನವೀರ. ಹಣ ಕೇಳದ ಯಾವುದೋ ಆಶ್ರಮ ನೋಡಿದ್ದಾನೆ. ಕಲ್ಲಯ್ಯನನ್ನು ಬಿಡಿಸಿ, ಶುಕ್ರವಾರ ಅಪ್ಪನವರನ್ನು ಅಲ್ಲಿಗೆ ಸೇರಿಸುತ್ತಾನಂತೆ. ಪಿಂಚಣಿ ಮನೆಗೆ ಉಳಿಯುತ್ತದಂತೆ. ನೀನು ಅಡ್ಡಿ ಮಾಡಬಾರದಂತೆ, ಬರುವುದೂ ಬೇಡವಂತೆ. ನನಗೆ ಸಂಕಟವಾಗುತ್ತದೆ, ಏನು ಮಾಡಲಿ.

ಮಗುವಿಗೆ ನನ್ನದೊಂದು ಮುತ್ತು. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ಅವ್ವ,
ಪಾರ್ವತವ್ವ

ತಾ.ಕ.: ಮೇಲಿನದನ್ನು ಓದಿ ನೋಡಿ ಚನ್ನವೀರ ಲಕೋಟೆ ತರಲು ಅಂಗಡಿಗೆ ಹೋದ. ಅವನು ಬರುವಷ್ಟರಲ್ಲಿ ಕಲ್ಲಯ್ಯ ಇದನ್ನು ಹಿಡಿದು ಬಸ್ಸು ಹತ್ತುತ್ತಾನೆ, ನಿನ್ನ ಕೈಗೇ ಕೊಡುತ್ತಾನೆ. ಫೋನು ಕೆಟ್ಟಿಲ್ಲ, ನಿನ್ನ ಅಣ್ಣನೇ ಕಿತ್ತುಕೊಂಡಿದ್ದಾನೆ. ನನ್ನ ಕೈ ಮುರಿದದ್ದೂ ಅಪ್ಪನವರಲ್ಲ. ಅವರು ಮೈಮೇಲೆ ಬಿದ್ದದ್ದು ನನಗೆ ಗುಂಡು ತಾಗಬಾರದೆಂದು. ಪಿಂಚಣಿಯ ಬ್ಯಾಂಕ್ ಕಾರ್ಡು ಕೊಡಲಿಲ್ಲವೆಂದು ಚನ್ನವೀರ ನನ್ನ ಕೈಯನ್ನು ಲಟಕ್ಕೆನ್ನುವ ತನಕ ತಿರುಚಿದ. ಬಿಡಿಸಲು ಬಂದ ಅಪ್ಪನವರ ಬಾಯಿಗೆ ಅದೇ ಪೈಪಿನಿಂದ ಹೊಡೆದ, ಹಲ್ಲು ಉದುರಿದವು. ಹೊಲದ ಜೋಳ ಎಂದೋ ಕೊಯ್ದಾಗಿದೆ. ಅವನು ಪಟಾಕಿ ಸಿಡಿಸುವುದು ಅಪ್ಪನವರ ಕಿಟಕಿಯ ಕೆಳಗೆ, ಅವರು ಕೆರಳಲೆಂದೇ. ಆ ಪಿಂಚಣಿ ಇರುವುದು ಅವರ ಆರೈಕೆಗೆ. ಅದರಲ್ಲೇ ಕಲ್ಲಯ್ಯನನ್ನೂ ಇಟ್ಟುಕೊಂಡು ನಾವಿಬ್ಬರೂ ನಿಮ್ಮೂರಲ್ಲಿ ಬಾಡಿಗೆಗೆ ಇರುತ್ತೇವೆ, ನಿನಗೆ ಹೊರೆಯಾಗುವುದಿಲ್ಲ. ಶುಕ್ರವಾರದೊಳಗೆ ಬಾ. ಒಬ್ಬಳೇ ಬರಬೇಡ, ಪೊಲೀಸರನ್ನು ಕರೆದುಕೊಂಡು ಬಾ. ಅಣ್ಣನೆಂದು ಹಿಂದೆಮುಂದೆ ನೋಡಬೇಡ, ಅವನನ್ನು ಹೆತ್ತ ನಾನೇ ಹೇಳುತ್ತಿದ್ದೇನೆ.